ಹದಿನೇಳನೇ ಟ್ರೇ ಮತ್ತು ಲಕ್ಷಣ್ಣನ ಕುರ್ಚಿ

"ಈ ಊರಲ್ಲಿ ನನ್ನ ಕೈ ದಾಟದೆ ಯಾರ ಹೊಟ್ಟೆಗೂ ಒಂದು ಮೊಟ್ಟೆ ಇಳಿದಿಲ್ಲ. ಇಳಿದಿದೆ ಅಂತ ಯಾರಾದ್ರೂ ಹೇಳಿದ್ರೆ, ಅವರು ತಿಂದಿದ್ದು ಮೊಟ್ಟೆನೇ ಅಲ್ಲ, ಸುಣ್ಣದ ಉಂಡೆ!"

ಮೊಟ್ಟೆ ಅಂಗಡಿಯ ಲಕ್ಷಣ್ಣ ಈ ಮಾತನ್ನು ದಿನಕ್ಕೆ ಏನಿಲ್ಲವೆಂದರೂ ನಾಲ್ಕು ಸಲ ಹೇಳುತ್ತಿದ್ದ. ಕೇಳಲು ಯಾರೂ ಸಿಗದಿದ್ದರೆ ಗೋಡೆಗೆ ಹೇಳುತ್ತಿದ್ದ. ಅವನ ದನಿಗೆ ಹೆದರಿ ಮುಂದಿನ ಸಾಲಿನ ಮೊಟ್ಟೆಗಳು ತಾವಾಗಿ ಉರುಳಿ ಹಿಂದಿನ ಸಾಲಿಗೆ ಹೋಗಿ ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಪಕ್ಕದ ಗಡಿಯಾರ ರಿಪೇರಿಯವನು ಹೇಳುತ್ತಿದ್ದ. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಇರುವವನಾದ್ದರಿಂದ ಆ ಮಾತನ್ನು ತೆಗೆದುಹಾಕುವಂತೆಯೂ ಇರಲಿಲ್ಲ.

ಲಕ್ಷಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಇವತ್ತು ಎಷ್ಟು ಮೊಟ್ಟೆ ಮಾರಿದೆ ಎಂದು ಕೇಳಿದರೆ "ಲಕ್ಷ" ಎನ್ನುತ್ತಿದ್ದ. ಎಷ್ಟು ಗಿರಾಕಿ ಬಂದರು? ಲಕ್ಷ. ರಾತ್ರಿ ಸೊಳ್ಳೆ ಎಷ್ಟು ಕಚ್ಚಿದವು? ಅದೂ ಲಕ್ಷವೇ. ಹೆತ್ತವರಿಟ್ಟ ಹೆಸರು ಎಷ್ಟರಮಟ್ಟಿಗೆ ಮರೆತುಹೋಗಿತ್ತೆಂದರೆ, ಒಮ್ಮೆ ಅಂಚೆಯವನು ಆ ಹೆಸರನ್ನೇ ಹಿಡಿದು ವಿಚಾರಿಸಿಕೊಂಡು ಬಂದಾಗ, "ಅಂಥವರು ಯಾರೂ ಇಲ್ಲಿಲ್ಲಪ್ಪ, ಪಕ್ಕದ ಬೀದೀಲಿ ಕೇಳಿ ನೋಡು" ಎಂದು ಲಕ್ಷಣ್ಣನೇ ಅವನನ್ನು ಸಾಗಹಾಕಿದ್ದ.

ಅಂಗಡಿಯ ಅಗಲ ಎರಡು ತೋಳು ಚಾಚಿದಷ್ಟು. ಅದರಲ್ಲಿ ಒಂದೂವರೆ ತೋಳನ್ನು ಲಕ್ಷಣ್ಣನ ಹೊಟ್ಟೆಯೇ ಆಕ್ರಮಿಸಿಕೊಂಡಿತ್ತು. ಉಳಿದ ಜಾಗದಲ್ಲಿ ಮೂವತ್ತು ಮೂವತ್ತು ಮೊಟ್ಟೆಯ ಟ್ರೇಗಳು ಒಂದರ ಮೇಲೊಂದು ಸೂರು ಮುಟ್ಟಿದ್ದವು. ಖಾಲಿ ಟ್ರೇ ಮರಳಿ ಬರಬೇಕಲ್ಲ, ಅದಕ್ಕೆ ಅಪ್ಪನ ಕಾಲದಿಂದಲೂ ಪ್ರತಿಯೊಂದು ಟ್ರೇಗೂ ಕೆಂಪು ಬಣ್ಣದಲ್ಲಿ ಒಂದು ನಂಬರು. ಬಿಲ್ಲಿನಲ್ಲೂ ಆ ನಂಬರು ಬರೆಯಲೇಬೇಕು. ಮೂಲೆಯಲ್ಲಿ ಒಂದು ಕಪ್ಪು ಪರದೆ. ಪರದೆಯ ಹಿಂದೆ, ತೂತು ಕೊರೆದ ಡಬ್ಬಿಯೊಳಗೆ ಉರಿಯುವ ಬಲ್ಬು, ಅದರ ಮುಂದೆ ಹೆಂಡತಿ. ಒಂದೊಂದೇ ಮೊಟ್ಟೆಯನ್ನು ಆ ತೂತಿಗೆ ಹಿಡಿದು, ಕೆಟ್ಟದ್ದನ್ನು ಬೇರೆ, ಬಿರುಕು ಬಿಟ್ಟದ್ದನ್ನು ಬೇರೆ ಮಾಡಿ, ಬಿರುಕಿನದ್ದನ್ನು ಬೇಕರಿಗೆ ಕಳಿಸುವುದು ಅವಳ ಕೆಲಸ. ಇಪ್ಪತ್ತಾರು ವರ್ಷ ಹೀಗೆ ನೋಡಿ ನೋಡಿ ಅವಳಿಗೆ ಮೊಟ್ಟೆಯೊಳಗೆ ಮಾತ್ರವಲ್ಲ, ಗಂಡನೊಳಗೂ ಕಾಣುತ್ತಿತ್ತು.

ಇನ್ನು ಕುರ್ಚಿಯ ಸಂಗತಿ. ಮಾರುಕಟ್ಟೆಯಲ್ಲಿ ನಲವತ್ತು ಅಂಗಡಿ. ಅಂಗಡಿಯವರ ಸಂಘಕ್ಕೆ ವರ್ಷಕ್ಕೊಂದು ಸಭೆ. ಆ ದಿನ ಪ್ರತಿಯೊಬ್ಬರೂ ತಮ್ಮ ಬಿಲ್ ಪುಸ್ತಕ ಮೇಜಿನ ಮೇಲಿಟ್ಟು, ವರ್ಷದ ವಹಿವಾಟು ಎಷ್ಟೆಂದು ಎದ್ದು ನಿಂತು ಹೇಳಬೇಕು. ಯಾರದು ದೊಡ್ಡದೋ ಅವರಿಗೆ ಕೈಯಿರುವ ಕುರ್ಚಿ ಮತ್ತು ಅಧ್ಯಕ್ಷ ಪದವಿ. ಆಮೇಲಿನವರಿಗೆ ಕೈಯಿಲ್ಲದ ಕುರ್ಚಿಗಳು, ಆಮೇಲೆ ಸ್ಟೂಲುಗಳು, ಕೊನೆಯವರಿಗೆ ಸಿಮೆಂಟಿನ ಕಟ್ಟೆ. ಈ ಪದ್ಧತಿಯನ್ನು ಯಾರು ಶುರುಮಾಡಿದರೋ ಯಾರಿಗೂ ಗೊತ್ತಿಲ್ಲ. ಆದರೆ ಯಾರ ನಲ್ಲಿ ಮೊದಲು ರಿಪೇರಿಯಾಗಬೇಕು, ಯಾರ ಅಂಗಡಿ ಮುಂದೆ ಕಸದ ಗಾಡಿ ನಿಲ್ಲಬಾರದು ಎಂಬುದೆಲ್ಲ ಕೂರುವ ಜಾಗದ ಮೇಲೆಯೇ ತೀರ್ಮಾನವಾಗುತ್ತಿತ್ತು. ವಹಿವಾಟನ್ನು ಎಲ್ಲರೂ ಕೇಳುತ್ತಿದ್ದರು. ಲಾಭ ಎಷ್ಟೆಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಅದು ಹೆಂಗಸರ ವಯಸ್ಸು, ಗಂಡಸರ ಸಂಬಳ ಕೇಳಿದಷ್ಟೇ ಅಸಭ್ಯ ಎಂದು ಲೆಕ್ಕ.

ಕೈಯಿರುವ ಕುರ್ಚಿಯಲ್ಲಿ ಹನ್ನೊಂದು ವರ್ಷದಿಂದ ಲಕ್ಷಣ್ಣನೇ. ಕೂರುವ ಮುಂಚೆ ಅವನು ಪ್ರತಿ ಸಲವೂ ನೆಲದವರೆಗೆ ಬಗ್ಗಿ ಏಳುತ್ತಿದ್ದ. ಅಂಥ ಹೊಟ್ಟೆ ಹೊತ್ತುಕೊಂಡು ಅಷ್ಟು ಬಗ್ಗುವುದು ಸಣ್ಣ ಮಾತಲ್ಲ. ಅಧ್ಯಕ್ಷರು ಪದವಿಗೆ ಎಂಥ ಮರ್ಯಾದೆ ಕೊಡುತ್ತಾರೆ, ಕುರ್ಚಿಗೂ ತಲೆಬಾಗುತ್ತಾರೆ ಎಂದು ಜನ ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಎದುರಿಗೆ, ಏಳು ಹೆಜ್ಜೆ ಅಗಲದ ಓಣಿಯ ಆಚೆ, ತಂಗಿಯ ಅಂಗಡಿ. ಅದೂ ಮೊಟ್ಟೆಯದೇ. ಅಪ್ಪ ಸಾಯುವ ಮುಂಚೆ ಬಿಳಿ ಮೊಟ್ಟೆಯ ವ್ಯಾಪಾರ ಮಗನಿಗೆ, ಕಂದು ಮೊಟ್ಟೆಯದು ಮಗಳಿಗೆ ಎಂದು ಹಂಚಿ ಹೋಗಿದ್ದ. ಲಕ್ಷಣ್ಣನ ಗಿರಾಕಿ ಕಂದು ಕೇಳಿದರೆ ತಂಗಿಯಿಂದ ಒಂದು ಟ್ರೇ ಬರುತ್ತಿತ್ತು. ತಂಗಿಯ ಗಿರಾಕಿ ಬಿಳಿ ಕೇಳಿದರೆ ಅಣ್ಣನಿಂದ ಹೋಗುತ್ತಿತ್ತು. ಬಂದದ್ದಕ್ಕೂ ಹೋದದ್ದಕ್ಕೂ ಬಿಲ್. ಖರ್ಚಾಗದೆ ಉಳಿದದ್ದು ಸಂಜೆಗೆ ವಾಪಸ್ಸು. ಅಲ್ಲಿಯವರೆಗೆ ಎಲ್ಲವೂ ನೆಟ್ಟಗಿತ್ತು.

ಹನ್ನೊಂದು ವರ್ಷದ ಹಿಂದೆ, ಅಪ್ಪ ತೀರಿಕೊಂಡ ವರ್ಷವೇ, ಬಟ್ಟೆ ಅಂಗಡಿಯವನ ವಹಿವಾಟು ಏರತೊಡಗಿ, ಅಪ್ಪ ಕೂರುತ್ತಿದ್ದ ಕುರ್ಚಿ ಅತ್ತ ಹೋಗುತ್ತದೆಂಬ ಗಾಳಿಸುದ್ದಿ ಹಬ್ಬಿತು. ಲಕ್ಷಣ್ಣ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಅಂದರೆ ಇಬ್ಬರ ಊಟವನ್ನಷ್ಟೇ ಉಂಡ. ನಾಲ್ಕನೇ ದಿನ ಅವನ ತಲೆಗೆ ಹೊಳೆಯಿತು: ಓಣಿ ದಾಟಿದ ಟ್ರೇಗೆ ಬಿಲ್ ಇದ್ದರೆ ಅದು ಮಾರಾಟ. ಸಭೆಯಲ್ಲಿ ನೋಡುವುದು ಬಿಲ್ಲನ್ನು, ಮೊಟ್ಟೆಯನ್ನಲ್ಲ. ಹಾಗಾದರೆ ಟ್ರೇ ಬೇಕಾದಷ್ಟು ಸಲ ಓಣಿ ದಾಟಲಿ!

ಅವತ್ತಿನಿಂದ ಲಕ್ಷಣ್ಣ ತಾನೇ ಟ್ರೇ ಹೊತ್ತು ಓಣಿ ದಾಟತೊಡಗಿದ. ಬಾಗಿಲ ಪಕ್ಕದಲ್ಲೇ ಕೈಗೆ ಸಿಗುತ್ತಿದ್ದದ್ದು ಹದಿನೇಳನೇ ನಂಬರಿನ ಟ್ರೇ. ಬೆಳಗ್ಗೆ ಎಂಟಕ್ಕೆ ಹೋಗುತ್ತಿತ್ತು, ಅದರ ಜೊತೆಗೆ ಇನ್ನೂ ಅರವತ್ತೋ ಎಪ್ಪತ್ತೋ ಟ್ರೇಗಳ ನಂಬರು ಸೇರಿಸಿ ಅವನು ಬಿಲ್ ಹರಿಯುತ್ತಿದ್ದ, ಟ್ರೇ ಸುಮ್ಮನೆ ವಾಪಸ್ಸು ಬರುತ್ತಿತ್ತು. ಹನ್ನೊಂದಕ್ಕೆ ಮತ್ತೆ, ನಾಲ್ಕಕ್ಕೆ ಮತ್ತೆ. ನಡೆದು ನಡೆದು ಆ ಟ್ರೇಗೆ ಕಾಲು ಮೂಡುವುದೊಂದು ಬಾಕಿ.

"ಅಣ್ಣಾ, ಬೆಳಗ್ಗಿಂದ ಇದು ಮೂರನೇ ಸಲ," ಎಂದು ತಂಗಿ ಗೊಣಗುತ್ತಿದ್ದಳು. "ಇಲ್ಲಿ ಜನ ನಿಂತಿದಾರೆ ಕಣೋ, ಅಡ್ಡ ಬರಬೇಡ."

"ನೀನೂ ವಾಪಸ್ ಕೊಡುವಾಗ ಒಂದು ಬಿಲ್ ಹರಿಯೇ. ನಿನಗೂ ಎರಡನೇ ಕುರ್ಚಿ ಸಿಗುತ್ತೆ."

"ನನಗೆ ಪುರುಸೊತ್ತಿಲ್ಲ. ಅಲ್ಲಿಟ್ಟು ಹೋಗು."

ಅವನು ಮೂರು ಬಿಲ್ ಹರಿದರೆ ಅವಳು ಒಂದು ಹರಿಯುತ್ತಿದ್ದಳು, ಅದೂ ಅಣ್ಣನ ಕಾಟ ತಪ್ಪಲಿ ಎಂದು. ಅಷ್ಟಕ್ಕೇ ಅಣ್ಣನಿಗೆ ಕೈಯಿರುವ ಕುರ್ಚಿ, ತಂಗಿಗೆ ಅದರ ಪಕ್ಕದ ಕುರ್ಚಿ ಭದ್ರವಾದವು. ಬಟ್ಟೆ ಅಂಗಡಿಯವನು ಮೂರನೆಯವನಾಗಿಯೇ ಮುದುಕನಾದ.

ಹೀಗಿರುವಾಗ ಒಂದು ಸೋಮವಾರ ಮಧ್ಯಾಹ್ನ ಸರ್ಕಾರದ ಲಕೋಟೆ ಬಂತು. ಈವರೆಗೆ ವ್ಯಾಪಾರಿಗಳು ಲಾಭದ ಮೇಲೆ ಮಾತ್ರ ತೆರಿಗೆ ಕಟ್ಟುತ್ತಿದ್ದರು. ಬರುವ ತಿಂಗಳಿಂದ ಅದರ ಜೊತೆಗೆ ವಹಿವಾಟಿನ ಮೇಲೂ ನೂರಕ್ಕೆ ಒಂದರಂತೆ ಕಟ್ಟಬೇಕು. ಯಾರ ವಹಿವಾಟು ಎಷ್ಟೆಂಬುದನ್ನು ಕಳೆದ ವರ್ಷದ ಬಿಲ್ಲುಗಳಿಂದ ತೀರ್ಮಾನಿಸಲಾಗುವುದು. ಗುರುವಾರ ತೆರಿಗೆ ಅಧಿಕಾರಿ ಸಂಘದ ಸಭೆಗೇ ಬಂದು ಪುಸ್ತಕ ನೋಡುತ್ತಾರೆ, ವ್ಯಾಪಾರಿಗಳ ಅಭಿಪ್ರಾಯವನ್ನೂ ಬರೆದುಕೊಳ್ಳುತ್ತಾರೆ.

ಲಕ್ಷಣ್ಣನ ಎದೆ ಉಬ್ಬಿ ಅಂಗಿಯ ಒಂದು ಗುಂಡಿ ಓಣಿಯಾಚೆ ಹಾರಿತು. "ನೋಡಿದ್ಯೇನೇ! ಕೊನೆಗೂ ಸರ್ಕಾರ ನನ್ನ ವಹಿವಾಟು ಎಷ್ಟು ಅಂತ ಕೇಳಿದೆ!"

ಪರದೆಯ ಹಿಂದಿನಿಂದ ಹೆಂಡತಿ ಹೊರಗೆ ಬಂದಳು. ಕಾಗದ ಓದಿದಳು. ಒಂದು ಖಾಲಿ ಟ್ರೇಯನ್ನು ಗಂಡನ ಮುಂದಿಟ್ಟಳು.

"ರೀ, ನೂರು ಟ್ರೇ ಮಾರಿದ್ರೆ ಬಾಡಿಗೆ, ಲಾರಿ, ಒಡೆದದ್ದು, ಕೆಟ್ಟದ್ದು ಎಲ್ಲಾ ಕಳೆದು ನಮಗೆ ಎಷ್ಟು ಉಳಿಯುತ್ತೆ?"

"ಎರಡು ಟ್ರೇ ಬೆಲೆ."

"ದಿನಕ್ಕೆ ಎಷ್ಟು ಮಾರ್ತೀವಿ?"

"ಲಕ್ಷ..."

"ನಿಜವಾಗಿ ಅಂದೆ."

ಲಕ್ಷಣ್ಣ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನೂರ ಅರವತ್ತು ಟ್ರೇ."

"ಅಂದ್ರೆ ನಮಗೆ ಉಳಿಯೋದು ಮೂರು ಟ್ರೇ, ಮೇಲೆ ಆರು ಮೊಟ್ಟೆ. ತೊಂಬತ್ತಾರು ಮೊಟ್ಟೆ. ಬಿಲ್ಲಲ್ಲಿ ಎಷ್ಟು ಮಾರಿದೀವಿ?"

"ಮುನ್ನೂರ ಐವತ್ತು ಟ್ರೇ," ಎಂದ ಲಕ್ಷಣ್ಣ. ಈ ಸಲ ದನಿ ತಾನಾಗಿ ಏರಿತ್ತು.

"ನೂರಕ್ಕೆ ಒಂದು ಅಂದ್ರೆ ಮೂರೂವರೆ ಟ್ರೇ. ನೂರೈದು ಮೊಟ್ಟೆ. ನಮಗೆ ಸಿಗೋದು ತೊಂಬತ್ತಾರು, ಸರ್ಕಾರಕ್ಕೆ ಕೊಡೋದು ನೂರೈದು." ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ದಿನಾ ಆ ಒಂಬತ್ತು ಮೊಟ್ಟೆ ಎಲ್ಲಿಂದ ತರೋದು? ನೀವು ಇಡ್ತೀರಾ?"

ಲಕ್ಷಣ್ಣ ಒಂಬತ್ತು ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿದ. ಉಳಿದ ಒಂದು ಬೆರಳಿನಿಂದ ತಲೆ ಕೆರೆದುಕೊಂಡ. "ಇದು ಹೇಗೆ ಸಾಧ್ಯ? ಇಷ್ಟೊಂದು ಮಾರಿ ಕಳಕೊಳ್ಳೋದು ಹೇಗೆ?"

"ಮಾರಿಲ್ಲ ಅಲ್ವಾ. ನಡೆಸಿದೀರಿ."

ಅವಳು ಕಾಗದವನ್ನು ಪರದೆಯ ಹಿಂದೆ ಒಯ್ದು ಬಲ್ಬಿನ ತೂತಿಗೆ ಹಿಡಿದಳು. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಎರಡು ಸಾಲು ಇದ್ದವು. ಮೊದಲನೆಯದು: ಇಷ್ಟು ವಹಿವಾಟಿನ ಒಳಗಿರುವ ಸಣ್ಣ ಅಂಗಡಿಗಳಿಗೆ ಈ ತೆರಿಗೆ ಇಲ್ಲ. ಅವಳು ಭಾಗಿಸಿ ನೋಡಿದಳು. ಮೊಟ್ಟೆಯ ಲೆಕ್ಕದಲ್ಲಿ ಅದು ದಿನಕ್ಕೆ ಇನ್ನೂರು ಟ್ರೇ. ಎರಡನೆಯದು: ಕೊಟ್ಟು ವಾಪಸ್ಸು ಪಡೆದ ಮಾಲು ಮಾರಾಟವಲ್ಲ, ಕೊಟ್ಟವರು, ಪಡೆದವರು ಇಬ್ಬರೂ ಸಂಘದ ಎದುರು ಒಪ್ಪಿ ಸಹಿ ಹಾಕಿದರೆ ಅಂಥ ಬಿಲ್ಲುಗಳನ್ನು ಹೊಡೆದುಹಾಕಬಹುದು.

"ಅಷ್ಟೇ," ಎಂದಳು ಹೆಂಡತಿ. "ಗುರುವಾರ ನೀವೂ ನಾದಿನೀನೂ ಸಹಿ ಹಾಕಿಬಿಡಿ. ನೂರ ಅರವತ್ತಕ್ಕೆ ಇಳೀತೀವಿ, ತೆರಿಗೆ ಇಲ್ಲ, ಅಂಗಡಿ ಉಳಿಯುತ್ತೆ."

"ಸಂಘದ ಎದುರಾ? ನಲವತ್ತು ಜನರ ಎದುರಾ? ಮತ್ತೆ ಕುರ್ಚಿ?"

"ಮನೇಲಿ ಕುರ್ಚಿ ಇಲ್ವಾ?"

"ಅದಕ್ಕೆ ಕೈ ಇಲ್ಲ ಕಣೇ," ಎಂದ ಲಕ್ಷಣ್ಣ, ಅಳು ಬಂದವನಂತೆ.

ಸಹಿ ಹಾಕಿದರೆ ಕುರ್ಚಿ ಹೋಗುತ್ತದೆ, ಹಾಕದಿದ್ದರೆ ಅಂಗಡಿ ಹೋಗುತ್ತದೆ. ಎರಡೂ ಉಳಿಯಬೇಕಾದರೆ ಇರುವುದು ಒಂದೇ ದಾರಿ: ಗುರುವಾರ ಎದ್ದು ನಿಂತು ಅಂಥ ಒಂದು ಭಾಷಣ ಬಿಗಿಯಬೇಕು, ಅದನ್ನು ಕೇಳಿ ಸರ್ಕಾರ ಈ ತೆರಿಗೆಯನ್ನೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಇಷ್ಟು ದೊಡ್ಡ ದನಿ ಮತ್ತೆ ಇರುವುದು ಯಾತಕ್ಕೆ?

ಭಾಷಣಕ್ಕೆ ಸರಕು ಬೇಕಲ್ಲ. ಲಕ್ಷಣ್ಣ ಗಡಿಯಾರದವನ ಹತ್ತಿರ ಹೋದ. ಗಡಿಯಾರದವನು ಸಭೆಯಲ್ಲಿ ಸ್ಟೂಲಿನವನು, ಮೂವತ್ತೆರಡನೆಯವನು.

"ನಿನಗೆ ನೂರು ಬಂದ್ರೆ ಎಷ್ಟಪ್ಪ ಉಳಿಯುತ್ತೆ?" ಕೇಳಬಾರದ್ದನ್ನು ಕೇಳಿಯೇಬಿಟ್ಟ.

ಗಡಿಯಾರದವನು ಅತ್ತಿತ್ತ ನೋಡಿ, "ತೊಂಬತ್ತು," ಎಂದ. "ಒಂದು ಸಣ್ಣ ಸ್ಪ್ರಿಂಗು, ಒಂದು ಹನಿ ಎಣ್ಣೆ. ಮಿಕ್ಕಿದ್ದೆಲ್ಲಾ ಕೈಕೆಲಸ."

ಲಕ್ಷಣ್ಣ ಅಲ್ಲೇ ಕುಸಿದು ಕೂತ. ಹನ್ನೊಂದು ವರ್ಷದಿಂದ ಈ ಬಡಪಾಯಿಯನ್ನು ಕಂಡರೆ ಅವನಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು! "ನಿನಗೂ ಈ ತೆರಿಗೆ ಬರುತ್ತಾ?"

"ನನ್ನ ವಹಿವಾಟು ಎಲ್ಲಿದೆ? ನಾನು ಗೆರೆಯ ಕೆಳಗೆ."

"ಅಂದ್ರೆ ಉಳಿಸೋನು ನೀನು, ಕಟ್ಟೋನು ನಾನಾ?"

"ದೊಡ್ಡವನಲ್ವಾ ನೀನು ಲಕ್ಷಣ್ಣ. ಕೈಯಿರೋ ಕುರ್ಚೀಲಿ ಕೂರ್ತೀಯ."

"ಅನ್ಯಾಯ ಇದು! ಲಾಭಕ್ಕೆ ಮಾತ್ರ ಹಾಕಬೇಕು. ಇದನ್ನೇ ಹೇಳ್ತೀನಿ ಗುರುವಾರ."

ಗಡಿಯಾರದವನು ಭೂತಗನ್ನಡಿ ತೆಗೆದು ಒರೆಸಿಕೊಂಡ. "ಹೇಳು. ಆದ್ರೆ ಸೇತುವೆ ಆಚೆ ದೊಡ್ಡ ಮಳಿಗೆ ಇದೆಯಲ್ಲ, ಅವನು ಒಂಬತ್ತು ವರ್ಷದಿಂದ ಲಾಭವೇ ಇಲ್ಲ ಅಂತ ಬರೆದುಕೊಡ್ತಾ ಇದಾನೆ. ನಷ್ಟದಲ್ಲೇ ನಾಲ್ಕನೇ ಮಹಡಿ ಎಬ್ಬಿಸಿದ. ಅವನ ಲಾರಿ ಓಡಾಡಿ ನಮ್ಮ ರಸ್ತೆಯ ಗುಂಡೀಲಿ ಮೊನ್ನೆ ಒಂದು ಸೈಕಲ್ ಬಿತ್ತು, ಇನ್ನೂ ತಳ ಮುಟ್ಟಿದ ಸದ್ದು ಬಂದಿಲ್ಲ. ಲಾಭಕ್ಕೆ ಮಾತ್ರ ಹಾಕಿದ್ರೆ ಅವನು ಬಿಡಿಗಾಸೂ ಕಟ್ಟಲ್ಲ. ವಹಿವಾಟಿಗೆ ಹಾಕಿದ್ರೆ ಎಲ್ಲಿಗೆ ಬಚ್ಚಿಡ್ತಾನೆ?"

"ಹೌದಲ್ವಾ!" ಎಂದು ಲಕ್ಷಣ್ಣ ತೊಡೆ ತಟ್ಟಿದ. "ಕಳ್ಳ ನನ್ಮಗ! ಹಾಕಬೇಕು ಅವನಿಗೆ!" ಆಮೇಲೆ ಅವನಿಗೆ ತಾನು ಬಂದ ಕೆಲಸ ನೆನಪಾಯಿತು. ಬಂದ ದಾರಿ ಹಿಡಿದು ಹೋಗುತ್ತ ಎರಡು ಸಲ ತನ್ನ ಅಂಗಡಿಯನ್ನೇ ದಾಟಿ ಮುಂದೆ ಹೋದ.

ಮಂಗಳವಾರ, ಬುಧವಾರ ಎರಡು ದಿನವೂ ಲಕ್ಷಣ್ಣನ ತಲೆ ಗಾಳಿಗೆ ಸಿಕ್ಕ ಬಾಗಿಲಿನಂತೆ ಬಡಿದುಕೊಂಡಿತು. ಒಬ್ಬ ಗಿರಾಕಿಗೆ ಈ ತೆರಿಗೆ ಇಲ್ಲದೆ ರಸ್ತೆ ಆಗಲ್ಲ ಎಂದು ಹೇಳಿದ, ಅವನ ಹಿಂದೆ ನಿಂತಿದ್ದವನಿಗೆ ಈ ತೆರಿಗೆ ಬಂದರೆ ನಾವು ರಸ್ತೆಗೆ ಬೀಳ್ತೀವಿ ಎಂದು ಹೇಳಿದ. ಇಬ್ಬರೂ ತಲೆಯಾಡಿಸಿ ಹೋದರು. ನಾಲ್ಕು ವರ್ಷದ ಹಿಂದೆ ಕೋಳಿಗಳಿಗೆ ರೋಗ ಬಂದಾಗ ಎರಡು ತಿಂಗಳು ಕೊಂಡದ್ದಕ್ಕಿಂತ ಕಡಿಮೆಗೆ ಮಾರಿದ್ದು ನೆನಪಾಗಿ, ಆಗ ಈ ತೆರಿಗೆ ಇದ್ದಿದ್ದರೆ ಅಳುತ್ತ ಮಾರಿದ್ದಕ್ಕೂ ಕಟ್ಟಬೇಕಿತ್ತಲ್ಲ ಎಂದು ಬೆವರಿದ. ಈ ಗಡಿಬಿಡಿಯಲ್ಲಿ ಬೇಕರಿಗೆ ಒಳ್ಳೆಯ ಮೊಟ್ಟೆಯನ್ನೂ ಗಿರಾಕಿಗಳಿಗೆ ಬಿರುಕಿನದ್ದನ್ನೂ ಕಳಿಸಿದ.

ಬುಧವಾರ ಸಂಜೆ ತಂಗಿ ತಾನಾಗಿ ಓಣಿ ದಾಟಿ ಬಂದಳು. "ಅತ್ತಿಗೆ ಎಲ್ಲಾ ಹೇಳಿದ್ರು. ನಾನು ಸಹಿ ಹಾಕ್ತೀನಿ ಅಣ್ಣಾ. ನೀನು ಹೂಂ ಅನ್ನು ಸಾಕು."

"ನಿನ್ನ ಎರಡನೇ ಕುರ್ಚಿನೂ ಹೋಗುತ್ತೆ ಕಣೇ."

"ನನ್ನ ಕುರ್ಚಿ ವಿಷಯ ನನಗಿರಲಿ."

"ನಾಳೆ ನನ್ನ ಭಾಷಣ ಕೇಳು," ಎಂದ ಲಕ್ಷಣ್ಣ. "ಸಹಿಯೇ ಬೇಕಾಗಲ್ಲ."

ತಂಗಿ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಪರದೆ ಎಳೆದುಕೊಂಡಳು.

ಗುರುವಾರ ಬೆಳಗ್ಗೆ ಹತ್ತಕ್ಕೆ ಸಭೆ. ತಗಡಿನ ಮಾಡಿನ ಸಭಾಂಗಣ, ಉದ್ದನೆಯ ಮೇಜು, ಮೇಜಿನ ಮೇಲೆ ನಲವತ್ತು ಅಂಗಡಿಯ ಪುಸ್ತಕಗಳು. ಅಧಿಕಾರಿ ಎಂದರೆ ಮೀಸೆಯಿರುವ ಆರಡಿ ಆಳು ಬರುತ್ತಾನೆಂದು ಎಲ್ಲರೂ ಕಾದಿದ್ದರು. ಬಂದದ್ದು ತೋಳಿಗೊಂದು ಕೊಡೆ, ಕೈಯಲ್ಲೊಂದು ಊಟದ ಡಬ್ಬಿ ಹಿಡಿದ ನಡುವಯಸ್ಸಿನ ಹೆಂಗಸು. ದನಿ ಎಷ್ಟು ಮೆತ್ತಗೆಂದರೆ, ಕೇಳಿಸಿಕೊಳ್ಳಲು ನಲವತ್ತು ಜನವೂ ಉಸಿರಾಡುವುದನ್ನು ನಿಲ್ಲಿಸಬೇಕಾಯಿತು.

ಲಕ್ಷಣ್ಣ ಎಂದಿನಂತೆ ನೆಲದವರೆಗೆ ಬಗ್ಗಿ ಎದ್ದು, ಕುರ್ಚಿಯಲ್ಲಿ ಒಮ್ಮೆ ಕೂತು, ಕೂಡಲೇ ಭಾಷಣಕ್ಕೆ ನಿಂತ.

"ಮೇಡಂ! ಲಾಭಕ್ಕೆ ಹಾಕಿ, ಸಂತೋಷವಾಗಿ ಕಟ್ತೀವಿ. ಆದ್ರೆ ವಹಿವಾಟಿಗೆ ಹಾಕೋದು ಅಂದ್ರೆ, ಊಟ ಮಾಡಿದ್ದಕ್ಕಲ್ಲ, ಊಟ ಬಡಿಸಿದ್ದಕ್ಕೆ ದುಡ್ಡು ಕೇಳಿದ ಹಾಗೆ! ನನ್ನ ಕೈಲಿ ಲಕ್ಷ ಮೊಟ್ಟೆ ಹೋಗುತ್ತೆ, ಕೈಯಲ್ಲಿ ಉಳಿಯೋದು ಸಿಪ್ಪೆ!"

ಸಭೆ ಚಪ್ಪಾಳೆ ತಟ್ಟಿತು. ಅಧಿಕಾರಿ ಬರೆದುಕೊಂಡಳು. "ಅಂದ್ರೆ ಬೇಡ ಅಂತೀರಿ. ಸರಿ. ಸೇತುವೆ ಆಚೆಯ ದೊಡ್ಡ ಮಳಿಗೆಯವರು ಕೂಡ ಇದನ್ನೇ ಬರೆದು ಕಳಿಸಿದಾರೆ. ಲಾಭಕ್ಕೆ ಮಾತ್ರ ಹಾಕಿ ಅಂತ."

"ಅವನಾ? ಅವನು ಲಾಭ ತೋರಿಸಿದ್ದೇ ಇಲ್ಲ ಮೇಡಂ! ಅವನಿಗೆ ವಹಿವಾಟಿನ ಮೇಲೇ ಹಾಕಬೇಕು!"

"ಹಾಗಾದ್ರೆ ಬೇಕು ಅಂತ ಬರಕೊಳ್ಳಲಾ?"

"ಅವನಿಗೆ ಬೇಕು. ನಮಗೆ ಬೇಡ."

"ಕಾನೂನು ಒಂದೇ ಅಲ್ವಾ. ಅವನಿಗೆ ಹಾಕಿದ್ರೆ ಗೆರೆ ದಾಟಿದವರಿಗೆಲ್ಲಾ ಹಾಕಬೇಕು."

"ಹಾಗಾದ್ರೆ ಬೇಡ."

"ಅವರಿಗೂ?"

"ಅಯ್ಯೋ, ಅವನು ತಪ್ಪಿಸ್ಕೋತಾನಲ್ಲ! ಹಾಕಿ. ಅಲ್ಲ, ತಡೀರಿ. ನಷ್ಟದಲ್ಲಿರೋನು ಪಾಪ ಎಲ್ಲಿಂದ ಕಟ್ತಾನೆ? ಆದ್ರೆ ಅವನ ನಷ್ಟ ನಷ್ಟ ಅಲ್ವಲ್ಲ. ನನ್ನ ನಷ್ಟ ನಷ್ಟ. ಆದ್ರೆ ನನ್ನ ಲಾಭ..." ಲಕ್ಷಣ್ಣ ನಿಂತಲ್ಲೇ ಒಂದು ಸುತ್ತು ತಿರುಗಿದ. ಅವನ ಜೊತೆಗೆ ಸಭೆಯ ಅಭಿಪ್ರಾಯವೂ ಒಂದು ಸುತ್ತು ತಿರುಗಿತು. ಎಡಗಡೆಯವರು ಬೇಕು ಎಂದರು, ಬಲಗಡೆಯವರು ಬೇಡ ಎಂದರು, ಕಟ್ಟೆಯ ಮೇಲಿದ್ದವರು ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು.

"ಮೇಡಂ, ನಿಮಗೇನು ಅನ್ಸುತ್ತೆ?" ಎಂದು ಲಕ್ಷಣ್ಣ ಕೊನೆಗೆ ಅವಳನ್ನೇ ಕೇಳಿದ.

"ನನಗೆ ಬೆಳಗ್ಗೆ ಒಂದು ಅನ್ಸುತ್ತೆ, ಊಟ ಆದಮೇಲೆ ಇನ್ನೊಂದು ಅನ್ಸುತ್ತೆ," ಎಂದಳು ಅಧಿಕಾರಿ. "ಲಾಭ ಒಳಜೇಬಲ್ಲಿರುತ್ತೆ, ಹುಡುಕೋದು ಕಷ್ಟ. ವಹಿವಾಟು ಬೀದೀಲಿರುತ್ತೆ, ಎಲ್ಲರಿಗೂ ಕಾಣುತ್ತೆ. ಆದ್ರೆ ಕಾಣೋದೆಲ್ಲಾ ಇರೋದೇ ಅಲ್ವಲ್ಲ." ಹೀಗೆಂದು ಮೇಜಿನ ಮೇಲಿದ್ದ ಲಕ್ಷಣ್ಣನ ಪುಸ್ತಕಗಳನ್ನು ಹತ್ತಿರ ಎಳೆದುಕೊಂಡಳು. ಹಾಳೆ ತಿರುಗಿಸುತ್ತ ತಿರುಗಿಸುತ್ತ ಒಂದು ಕಡೆ ಬೆರಳಿಟ್ಟಳು. "ಈ ಹದಿನೇಳನೇ ಟ್ರೇ."

ಲಕ್ಷಣ್ಣ ಮೇಜಿನ ಮೇಲೆ ಬಗ್ಗಿ ಆ ನಂಬರು ನೋಡಿದ.

"ಎಂಟು ಗಂಟೆಗೆ ಎದುರಂಗಡಿಗೆ ಮಾರಿದೀರಿ. ಹನ್ನೊಂದಕ್ಕೆ ಮತ್ತೆ ಇದೇ ಟ್ರೇ ಮಾರಿದೀರಿ. ನಾಲ್ಕಕ್ಕೂ ಇದೇ. ವಾಪಸ್ ಬಂದದ್ದು ನಿಮ್ಮ ಪುಸ್ತಕದಲ್ಲಿ ಎಲ್ಲೂ ಇಲ್ಲ. ಒಂದು ಟ್ರೇ ವಾಪಸ್ ಬರದೇ ದಿನಕ್ಕೆ ಮೂರು ಸಲ ಹೋಗೋದು ಹೇಗೆ? ವರ್ಷಪೂರ್ತಿ ಹೋಗಿದೆ. ಇದಷ್ಟೂ ಮಾರಾಟವೇ ಆದ್ರೆ ನಾನು ತೆರಿಗೆ ಹಾಕ್ತೀನಿ. ಮಾರಾಟ ಹೌದಾ ಅಲ್ವಾ ಅಂತ ನೀವೇ ಹೇಳಿ."

ಸಭಾಂಗಣದಲ್ಲಿ ಎಂಥ ಮೌನ ಬಿತ್ತೆಂದರೆ, ಗಡಿಯಾರದವನ ಜೇಬಿನಲ್ಲಿದ್ದ ಕೆಟ್ಟ ಗಡಿಯಾರಗಳೂ ಟಿಕ್ ಟಿಕ್ ಅಂದದ್ದು ಕೇಳಿಸಿತು. ಲಕ್ಷಣ್ಣ ಹಿಂದೆ ತಿರುಗಿ ಕುರ್ಚಿಯನ್ನು ನೋಡಿದ. ಅದರ ಕೈಗಳು ಹನ್ನೊಂದು ವರ್ಷ ಉಜ್ಜಿ ಉಜ್ಜಿ ಬೋಳುತಲೆಯಂತೆ ಹೊಳೆಯುತ್ತಿದ್ದವು. ಆಮೇಲೆ ಬಾಗಿಲ ಬಳಿ ನಿಂತ ಹೆಂಡತಿಯನ್ನು ನೋಡಿದ. ಅವಳ ಕೈಯಲ್ಲಿ ಒಂದು ಚೀಲವಿತ್ತು. ಏನದು ಎಂದು ಅವನು ಕಣ್ಣಲ್ಲೇ ಕೇಳಿದ. ಅವಳು ಚೀಲದ ಬಾಯಿ ತೆರೆದು ತೋರಿಸಿದಳು: ಒಂಬತ್ತು ಮೊಟ್ಟೆ.

ಲಕ್ಷಣ್ಣ ಗಂಟಲು ಸರಿಮಾಡಿಕೊಂಡ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ಆ ಊರಿನವರು ಯಾರೂ ಕೇಳಿರಲಿಲ್ಲ.

"ಅದು ಮಾರಾಟ ಅಲ್ಲ ಮೇಡಂ."

"ಮತ್ತೇನು?"

"ವ್ಯಾಯಾಮ."

ಸಭೆ ನಕ್ಕಿತು. ತಗಡಿನ ಮಾಡು ಎರಡು ಇಂಚು ಮೇಲೆ ಹೋಗಿ ಮತ್ತೆ ಕೂತಿತು. ಬಟ್ಟೆ ಅಂಗಡಿಯ ಮುದುಕ ನಗಲಿಲ್ಲ, "ಹನ್ನೊಂದು ವರ್ಷ! ಹನ್ನೊಂದು ವರ್ಷ!" ಎಂದು ಕೋಲು ಕುಟ್ಟಿದ. ತಂಗಿ ಎದ್ದು ಮೇಜಿನ ಹತ್ತಿರ ಬಂದು ತನ್ನ ಪುಸ್ತಕವನ್ನೂ ತೆರೆದಿಟ್ಟಳು. "ನಂದೂ ಹೊಡೆದುಹಾಕಿ ಮೇಡಂ. ಅಣ್ಣ ಮೂರು ಹರಿದ್ರೆ ನಾನೊಂದು ಹರಿದಿದೀನಿ."

ಅಣ್ಣ ತಂಗಿ ಇಬ್ಬರೂ ಸಹಿ ಹಾಕಿದರು. ಅಧಿಕಾರಿ ಒಂದೊಂದೇ ಬಿಲ್ಲಿಗೆ ಕೆಂಪು ಗೆರೆ ಎಳೆಯುತ್ತ ಹೋದಳು. ಅರ್ಧ ದಾರಿಯಲ್ಲಿ ನಿಂತು, "ಒಂದು ಪುಸ್ತಕದಲ್ಲಿ ಹತ್ತು ಹಾಳೆ ಕಡಿಮೆ ಇದೆಯಲ್ಲ, ಎಲ್ಲಿ?" ಎಂದಳು.

ಲಕ್ಷಣ್ಣನ ಮುಖ ಕೆಂಪಾಯಿತು. ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಕುರ್ಚಿಯ ಹಿಂದೆ ಬಗ್ಗಿದ. ಎದ್ದಾಗ ಅವನ ಕೈಯಲ್ಲಿ ಮಡಚಿ ಮಡಚಿ, ಆನೆ ತುಳಿದಂತೆ ಚಪ್ಪಟೆಯಾದ ಒಂದು ಕಾಗದದ ಕಟ್ಟಿತ್ತು. ಅಧಿಕಾರಿ ಅದನ್ನು ಬಿಡಿಸಿ, ಮಣ್ಣು ಕೊಡವಿ, ಆ ಹತ್ತಕ್ಕೂ ಗೆರೆ ಎಳೆದು, ಎಲ್ಲವನ್ನೂ ತನ್ನ ಚೀಲಕ್ಕೆ ಹಾಕಿಕೊಂಡಳು.

ಕೂಡಿ ಕಳೆದು ನೋಡಿದಾಗ ಲಕ್ಷಣ್ಣನಿಗೆ ಉಳಿದದ್ದು ದಿನಕ್ಕೆ ನೂರ ಅರವತ್ತು ಟ್ರೇ. ಗೆರೆಯ ಕೆಳಗೆ. ತೆರಿಗೆ ಇಲ್ಲ. ಬಾಗಿಲ ಬಳಿ ಹೆಂಡತಿ ಉಸಿರು ಬಿಟ್ಟಳು.

"ಎದುರಂಗಡಿಯವರದು," ಎಂದು ಅಧಿಕಾರಿ ಮುಂದುವರಿದಳು, "ಇನ್ನೂರ ಎಂಬತ್ತರಲ್ಲಿ ಎಪ್ಪತ್ತು ಹೋದ್ರೆ ಇನ್ನೂರ ಹತ್ತು."

ಲಕ್ಷಣ್ಣ ಕಣ್ಣು ಕಣ್ಣು ಬಿಟ್ಟ. "ಎಷ್ಟು?"

"ಇನ್ನೂರ ಹತ್ತು. ಈ ಮಾರುಕಟ್ಟೇಲಿ ಎಲ್ಲರಿಗಿಂತ ಜಾಸ್ತಿ ಇವರದೇ."

ಲಕ್ಷಣ್ಣ ತಂಗಿಯ ಕಡೆ ತಿರುಗಿದ. "ನೀನು ನನಗಿಂತ ಜಾಸ್ತಿ ಮಾರ್ತೀಯೇನೇ? ಯಾವಾಗಿಂದ?"

"ಮೊದಲಿಂದಾನೂ."

"ನಿನಗೆ ಗೊತ್ತಿತ್ತಾ?"

"ನನ್ನ ಅಂಗಡೀಲಿ ಜನ ನಿಂತಿರ್ತಿದ್ರಲ್ಲ ಅಣ್ಣಾ, ನೀನೇ ದಿನಾ ಮೂರು ಸಲ ಅವರನ್ನ ಸರಿಸಿಕೊಂಡು ಬರ್ತಿದ್ಯಲ್ಲ. ನಿನಗೆ ಕಾಣಲಿಲ್ವಾ?"

ಕಂಡಿರಲಿಲ್ಲ. ಟ್ರೇ ಹೊತ್ತವನಿಗೆ ಕಾಣುವುದು ಟ್ರೇ ಮಾತ್ರ.

"ಮತ್ತೆ ಯಾಕೆ ಹೇಳಲಿಲ್ಲ?"

"ನಿನಗೆ ಕುರ್ಚಿ ಬೇಕಿತ್ತು. ನನಗೆ ಕೂರೋಕೆ ಪುರುಸೊತ್ತೇ ಇರಲಿಲ್ಲ."

ಅಧಿಕಾರಿ ಕೆಮ್ಮಿದಳು. ಇನ್ನೂರ ಹತ್ತು ಎಂದರೆ ಗೆರೆಯ ಮೇಲೆ. ತಂಗಿ ತೆರಿಗೆ ಕಟ್ಟಬೇಕು. ಮೇಲಿನ ಹತ್ತಕ್ಕೆ ಮಾತ್ರವೇ ಎಂದು ತಂಗಿ ಕೇಳಿದಳು. ಅಲ್ಲ, ಇನ್ನೂರ ಹತ್ತಕ್ಕೂ.

"ನೂರಕ್ಕೆ ಎರಡು ಉಳಿಯೋದರಲ್ಲಿ ಒಂದು ನಿಮಗೆ," ಎಂದು ತಂಗಿ ಲೆಕ್ಕ ಹಾಕಿದಳು. "ಅಣ್ಣನಷ್ಟು ಕಡಿಮೆ ಮಾರಿದ್ರೆ ಎರಡೂ ನನಗೆ. ಸರಿ, ಈ ವರ್ಷ ಕಟ್ತೀನಿ. ಮುಂದಿನ ವರ್ಷದ ಲೆಕ್ಕ ಮುಂದಿನ ವರ್ಷ ತಾನೇ? ನಾಳೆಯಿಂದ ದಿನಾ ಹನ್ನೊಂದು ಟ್ರೇ ಗಿರಾಕಿಗಳನ್ನ ಎದುರಂಗಡಿಗೆ ಕಳಿಸ್ತೀನಿ. ಟ್ರೇ ನಡೆದು ಸಾಕಾಗಿದೆ, ಇನ್ನು ಗಿರಾಕಿಗಳು ನಡೀಲಿ."

"ಅದು ನನಗೆ ಕೇಳಿಸಲಿಲ್ಲ," ಎಂದಳು ಅಧಿಕಾರಿ. ಅಲ್ಲಿಯವರೆಗೆ ಎಲ್ಲರ ಪಿಸುಮಾತೂ ಕೇಳಿಸಿಕೊಂಡಿದ್ದವಳು ಅವಳು. ಟಿಪ್ಪಣಿ ಪುಸ್ತಕ ತೆಗೆದು, "ಅಧ್ಯಕ್ಷರ ಅಭಿಪ್ರಾಯ ಏನಂತ ಬರೀಲಿ? ವಹಿವಾಟಿಗೂ ತೆರಿಗೆ ಬೇಕೋ ಬೇಡವೋ?" ಎಂದಳು.

"ನಾನೀಗ ಅಧ್ಯಕ್ಷ ಅಲ್ವಲ್ಲ ಮೇಡಂ," ಎಂದ ಲಕ್ಷಣ್ಣ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಆ ಮಾತು ಹಗುರ ಅನ್ನಿಸಿತು. "ಅವಳನ್ನೇ ಕೇಳಿ."

ತಂಗಿಯನ್ನು ಕೇಳಿದರೆ ಅವಳು, ನನಗೆ ಗಿರಾಕಿಗಳಿದಾರೆ, ಯೋಚನೆ ಮಾಡಿ ಹೇಳ್ತೀನಿ ಎಂದಳು. ಅಧಿಕಾರಿ 'ಬೇಡ' ಎಂದು ಬರೆದಿದ್ದರ ಪಕ್ಕದಲ್ಲಿ 'ಬೇಕು' ಎಂದೂ, ಅದರ ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆಯನ್ನೂ ಹಾಕಿ, ಊಟದ ಡಬ್ಬಿ ತೆಗೆದುಕೊಂಡು ಹೊರಟಳು. ಹೋಗುವಾಗ ಲಕ್ಷಣ್ಣನ ಹೆಂಡತಿಯ ಹತ್ತಿರ ನಿಂತು ಆ ಒಂಬತ್ತು ಮೊಟ್ಟೆಯನ್ನು ರೊಕ್ಕ ಕೊಟ್ಟು ಕೊಂಡಳು, ಬಿಲ್ಲನ್ನೂ ಕೇಳಿ ಪಡೆದಳು.

ಹೊಸ ಲೆಕ್ಕದ ಪ್ರಕಾರ ಎಲ್ಲರೂ ಜಾಗ ಬದಲಾಯಿಸಿದರು. ಬಟ್ಟೆ ಅಂಗಡಿಯ ಮುದುಕ ಕೊನೆಗೂ ಎರಡನೆಯವನಾಗಿ, ಸಿಂಹಾಸನವೇ ಸಿಕ್ಕವನಂತೆ ಕಾಲಿನ ಮೇಲೆ ಕಾಲು ಹಾಕಿದ. ಲಕ್ಷಣ್ಣನಿಗೆ ಸಿಕ್ಕಿದ್ದು ಒಂಬತ್ತನೇ ಜಾಗ, ಸ್ಟೂಲುಗಳ ಸಾಲಿನ ಶುರು. ಅವನ ಹೊಟ್ಟೆಗೆ ಆ ಸ್ಟೂಲು ಎಲ್ಲಿ ಹೋಯಿತೆಂದೇ ಕಾಣಲಿಲ್ಲ. ಸ್ಟೂಲಿನವರೆಲ್ಲ ಒಟ್ಟಿಗಾದರು ಎಂದು ಗಡಿಯಾರದವನು ಪಕ್ಕಕ್ಕೆ ಸರಿದು ಬಂದ.

ತಂಗಿ ಬಿಂಕದಿಂದೇನೂ ಅಲ್ಲ, ಕಾಲು ನೋಯುತ್ತಿದ್ದವಳಂತೆ ಹೋಗಿ ಕೈಯಿರುವ ಕುರ್ಚಿಯಲ್ಲಿ ಕೂತಳು. ಕೂತದ್ದೇ ತಡ, ಕುರ್ಚಿ ಧಡಕ್ಕೆಂದು ಹಿಂದಕ್ಕೆ, ಎಡಕ್ಕೆ ವಾಲಿತು. ಅವಳು ಎರಡು ಕೈಗಳನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ನಲವತ್ತು ಜನ ಹೋ ಎಂದರು.

"ಅಯ್ಯೋ ಅಣ್ಣಾ, ಇದರ ಒಂದು ಕಾಲು ಗಿಡ್ಡ ಕಣೋ!" ಎಂದು ಕೂಗಿದಳು ತಂಗಿ. "ಇಂಥದ್ದರಲ್ಲಿ ನೀನು ಹನ್ನೊಂದು ವರ್ಷ ಅಲ್ಲಾಡದೆ ಹೇಗೋ ಕೂತಿದ್ದೆ?"

"ಕಾಲಿನ ಕೆಳಗೆ ನಿನ್ನ ಅಂಗಡಿಗೆ ಬರೆದ ಬಿಲ್ಲು ವರ್ಷಾ ವರ್ಷಾ ಮಡಚಿ ಇಡ್ತಿದ್ದೆ ಕಣೇ," ಎಂದ ಲಕ್ಷಣ್ಣ ಸ್ಟೂಲಿನಿಂದ. "ಈಗ ತಾನೇ ನೀನೇ ಸಹಿ ಹಾಕಿ ಕಳಿಸಿದ್ಯಲ್ಲ!"